ಹದವಾದ ನೀರು

ಆ ಆರು ಮಹಡಿಯ ಕಟ್ಟಡದಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೋ ಮೂವರೋ. ಈಗಷ್ಟೇ ಮಾತು ಕಲಿತ ಮಕ್ಕಳಿಂದ ಹಿಡಿದು ಕೋಲೂರಿಕೊಂಡು ಓಡಾಡುವ ಮುದುಕರವರೆಗೆ ಎಲ್ಲರ ಬಾಯಲ್ಲೂ ಅವನು ಹದದಣ್ಣ. ಹೊಸದಾಗಿ ಬಾಡಿಗೆಗೆ ಬಂದವರು ಇವನ್ಯಾರೋ ಅಡುಗೆಯವನಿರಬೇಕು, ಉಪ್ಪು ಖಾರದ ಹದ ಬಲ್ಲವನಿರಬೇಕು ಎಂದುಕೊಳ್ಳುತ್ತಿದ್ದರು. ಅವನಿಗೋ ಒಂದು ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ. ಅವನು ನೋಡಿಕೊಳ್ಳುತ್ತಿದ್ದದ್ದು ನೀರಿನ ಹದ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಪೈಪು ಜೋಡಿಸುವ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ. ಗೋಡೆಗಳು ಇನ್ನೂ ಇಟ್ಟಿಗೆ ತೋರಿಸಿಕೊಂಡು ನಿಂತಿದ್ದ ಕಾಲ ಅದು. ಕಟ್ಟಡ ಮುಗಿಯಿತು, ಜೊತೆಗೆ ಬಂದವರೆಲ್ಲ ಬೇರೆ ಕಟ್ಟಡಕ್ಕೆ ಹೋದರು, ಇವನು ಮಾತ್ರ ಅಲ್ಲೇ ಉಳಿದುಬಿಟ್ಟ. ನೆಲಮಾಳಿಗೆಯ ಬಾಯ್ಲರ್ ಕೋಣೆ, ತಾರಸಿಯ ತೊಟ್ಟಿ, ಎರಡು ಪಂಪು, ನಲವತ್ತೆರಡು ಮನೆಗಳ ನಲ್ಲಿಗಳು, ಇಷ್ಟೂ ಅವನ ಸುಪರ್ದಿಗೆ ಬಂದವು. ನೆಲಮಟ್ಟದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು ಕೊಟ್ಟರು. ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದೂ ಆ ಕೋಣೆಗೇ. ಗೋಡೆಯೊಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂಬುದು ನಕ್ಷೆಯಲ್ಲಿ ತಪ್ಪಿದ್ದರೂ ಇವನ ತಲೆಯಲ್ಲಿ ಸರಿಯಾಗಿತ್ತು. ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟರೆ ಸಾಕು, ಐದನೇ ಮಹಡಿಯಲ್ಲಿ ಯಾರೋ ನಲ್ಲಿ ಸರಿಯಾಗಿ ಮುಚ್ಚಿಲ್ಲ ಎಂದು ಹೇಳಿಬಿಡುತ್ತಿದ್ದ. ಈ ಗುಣ ಕೆಲವರಿಗೆ ಮೆಚ್ಚುಗೆ, ಕೆಲವರಿಗೆ ಕಿರಿಕಿರಿ.

ಹದದಣ್ಣ ಎಂಬ ಹೆಸರು ಬಂದದ್ದು ಮೂರು ವರ್ಷದ ಹಿಂದೆ. ಮೂರನೇ ಮಹಡಿಯ ಪುಟ್ಟ ಹುಡುಗಿಯೊಬ್ಬಳು ಬಿಸಿನೀರಿನ ನಲ್ಲಿ ತಿರುಗಿಸಿ ಕೈ ಒಡ್ಡಿದಳು. ಬೆರಳುಗಳು ಕೆಂಪಾಗಿ ಬೊಬ್ಬೆ ಎದ್ದವು. ಹುಡುಗಿಯ ಅಮ್ಮ ಅವಳನ್ನು ಎತ್ತಿಕೊಂಡು ನೆಲಮಾಳಿಗೆಗೆ ಬಂದು ಆ ಕೈಯನ್ನು ಅವನ ಮುಂದೆ ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಅವನಿಗೆ ಊಟ ಸೇರಲಿಲ್ಲ. ಮಾರನೇ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಬಾಯ್ಲರ್ ಮುಂದೆ ಕೂತ. ಅರವತ್ತು ಡಿಗ್ರಿಗೆ ನಿಲ್ಲಿಸಿದ್ದ ಬಿಸಿಯನ್ನು ಸ್ವಲ್ಪ ಇಳಿಸಿದ. ಪ್ರತಿ ಮಹಡಿಗೂ ಹೋಗಿ ನಲ್ಲಿಯ ಕೆಳಗೆ ತನ್ನ ಕೈಯನ್ನೇ ಒಡ್ಡಿ ನೋಡಿದ. ಇನ್ನೂ ಸ್ವಲ್ಪ ಇಳಿಸಿದ. ಮೂರು ದಿನ ಹೀಗೆ ಹತ್ತಿ ಇಳಿದು ಕೊನೆಗೆ ನಲವತ್ಮೂರಕ್ಕೆ ನಿಲ್ಲಿಸಿದ. ತಣ್ಣೀರು ಬೆರೆಸಬೇಕಿಲ್ಲ, ಕೈ ಸುಡುವುದಿಲ್ಲ, ನಲ್ಲಿ ತಿರುಗಿಸಿ ಹಾಗೆಯೇ ಮೈಮೇಲೆ ಸುರಿದುಕೊಳ್ಳಬಹುದು. ಆಹಾ, ಎಂಥ ಹದ ಎಂದು ಮುದುಕರು ಹೊಗಳಿದರು. ಮಕ್ಕಳ ತಾಯಂದಿರು ಹೊಗಳಿದರು. ಎಷ್ಟು ಡಿಗ್ರಿ ಎಂದು ಒಬ್ಬರಾದರೂ ಕೇಳಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತೇನೋ.

ಎರಡನೇ ಮಹಡಿಯ ಟೈಲರ್ ಮಾವನೇ ಆ ಹೆಸರಿಟ್ಟದ್ದು. ಅರವತ್ತೆಂಟು ವರ್ಷ, ಬಾಗಿದ ಬೆನ್ನು, ಬಾಯಲ್ಲಿ ಒಂದು ಸಿಗರೇಟು ಇಲ್ಲವೇ ನಾಲ್ಕು ಗುಂಡುಸೂಜಿ. ಮಕ್ಕಳಿಲ್ಲ. ಇವನೂ ಇವನ ಹೆಂಡತಿಯೂ ಅವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದರು. ಬರಿಯ ಕರೆಯುವ ಮಾತಾಗಿರಲಿಲ್ಲ, ಭಾನುವಾರದ ಊಟ ಅಲ್ಲೇ ಆಗುತ್ತಿತ್ತು. "ನಾನು ಮೈ ಅಳತೆ ತಗೊಂಡು ಬಟ್ಟೆ ಹೊಲೀತೀನಿ, ಇವನು ಮೈ ಅಳತೆ ತಗೊಂಡು ನೀರು ಕಾಯಿಸ್ತಾನೆ" ಎಂದು ಮಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಗು ಕೊನೆಗೆ ಕೆಮ್ಮಾಗುತ್ತಿತ್ತು.

ಒಂದೇ ಒಂದು ತೊಡಕಿತ್ತು. ಬಾಯ್ಲರ್ ಕೋಣೆಯ ಬಾಗಿಲ ಹಿಂದೆ ಮೊಳೆಗೆ ಒಂದು ಹಾಳೆ ನೇತುಹಾಕಿತ್ತು. ತಾರೀಕು, ಹೊತ್ತು, ನೀರಿನ ಬಿಸಿ ಎಷ್ಟು ಎಂದು ದಿನವೂ ಅದರಲ್ಲಿ ಬರೆಯಬೇಕು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಅರವತ್ತಕ್ಕಿಂತ ಕಡಿಮೆ ಇರಬಾರದು ಎಂದು ಅಚ್ಚಾಗಿತ್ತು. ಯಾಕೆ ಇರಬಾರದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಯಂತ್ರ ಮಾರಿದವರ ಏನೋ ಒಂದು ನಿಯಮ, ನಿಯಮ ಬರೆಯುವವರು ಸ್ನಾನ ಮಾಡುವುದಿಲ್ಲವೇನೋ ಎಂದುಕೊಂಡು ಸುಮ್ಮನಿದ್ದ.

ಬರೆಯುವ ಕೆಲಸ ಹೆಂಡತಿಯದು. ಇವನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅವಳದು ಮುತ್ತು ಪೋಣಿಸಿದಂಥ ಅಕ್ಷರ, ಮದುವೆಗೆ ಮುಂಚೆ ಶಾಲೆಯ ಕಚೇರಿಯಲ್ಲಿ ಹಾಜರಿಪಟ್ಟಿ ನಕಲು ಮಾಡುತ್ತಿದ್ದವಳು. ಬೆಳಿಗ್ಗೆ ಕೈ ಒರೆಸಿಕೊಂಡು ಪೆನ್ನು ಹಿಡಿದು ಬಂದು ಬಾಗಿಲಲ್ಲೇ ನಿಂತು "ಎಷ್ಟು?" ಎನ್ನುವಳು. ಒಳಗಿನಿಂದ ಇವನು "ಅರವತ್ತು" ಎನ್ನುವನು. ಬಿಸಿ ಇಳಿಸಿದ ಮೊದಲ ದಿನ ನಿಜ ಹೇಳಿಬಿಡೋಣ ಎಂದುಕೊಂಡಿದ್ದ. ಆದರೆ ಅವಳ ಸ್ವಭಾವ ಗೊತ್ತಿತ್ತಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಾಳೆ. ಕಟ್ಟಡದ ಸೊಸೈಟಿ ಕಾರ್ಯದರ್ಶಿ ನೋಡುತ್ತಾನೆ, ಮತ್ತೆ ಅರವತ್ತಕ್ಕೆ ಏರಿಸು ಎನ್ನುತ್ತಾನೆ, ಇನ್ನೊಂದು ಮಗುವಿನ ಕೈ ಸುಡುತ್ತದೆ. ಅದಕ್ಕೇ ಅರವತ್ತು ಎಂದ. ಎರಡನೇ ದಿನವೂ ಅಂದ. ಆಮೇಲೆ ಅದು ಗುಡ್ ಮಾರ್ನಿಂಗ್ ಎಂದಷ್ಟೇ ಸಲೀಸಾಗಿ ನಾಲಿಗೆಗೆ ಬರತೊಡಗಿತು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಹೆಂಡತಿಗೆ ನೆಗಡಿಯಾಯಿತು. ಮೂಗು ಕಟ್ಟಿ ಮಾತೆಲ್ಲ ಗೊಣಗೊಣ. ಹದದಣ್ಣನಿಗೆ ತನ್ನದೇ ಒಂದು ವೈದ್ಯವಿತ್ತು. ಬಚ್ಚಲಿನ ಬಾಗಿಲು ಮುಚ್ಚಿ, ಶವರ್ ಪೂರ್ತಿ ತಿರುಗಿಸಿ, ಒಳಗೆ ಮಂಜು ಕವಿದ ಹಾಗಾದಾಗ ಸ್ಟೂಲು ಹಾಕಿ ಅವಳನ್ನು ಕೂರಿಸಿದ. ಬಾಯಿ ತೆರೆದು ಜೋರಾಗಿ ಉಸಿರೆಳೆದುಕೋ ಎಂದ. ಹಿತವಾಗಿದೆ ಎಂದಳು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಹೀಗೆ ನಾಲ್ಕು ದಿನ. ಟೈಲರ್ ಮಾವ ಕೆಮ್ಮುತ್ತ ಎದುರಾದಾಗ ಅವರಿಗೂ ಅದನ್ನೇ ಹೇಳಿಕೊಟ್ಟ. ಮಾವ ಇವನ ಮಾತು ತೆಗೆದುಹಾಕುವವರಲ್ಲ. ಕಣ್ಣು ಮುಚ್ಚಿ ಮಾಡಿದರು.

ವಾರ ಕಳೆದಿರಲಿಲ್ಲ, ಮಾವನನ್ನು ಆಸ್ಪತ್ರೆಗೆ ಸೇರಿಸಿದರು. ಮಾರನೇ ಬೆಳಿಗ್ಗೆ ಹೆಂಡತಿ ಪೆನ್ನು ಹಿಡಿದು ಬರಲಿಲ್ಲ. ಇವನು ಮೇಲೆ ಬಂದು ನೋಡಿದರೆ ಹೊದಿಕೆಯೊಳಗೆ ಗಡಗಡ ನಡುಗುತ್ತಿದ್ದಾಳೆ. ಹಣೆ ಮುಟ್ಟಿದರೆ ಕೆಂಡ. "ರೀ, ಆ ಪಂಪು ನಿಲ್ಲಿಸಿ, ನನ್ನ ಎದೆ ಒಳಗೇ ಓಡ್ತಾ ಇದೆ" ಎಂದಳು. ಪಂಪು ಓಡುತ್ತಿರಲಿಲ್ಲ. ಅವಳು ಇವನ ಮುಖ ನೋಡುತ್ತಲೇ ಇವನನ್ನು ಗುರುತಿಸದೆ ತನ್ನ ತೀರಿಹೋದ ಅಣ್ಣನ ಹೆಸರು ಹಿಡಿದು ಕರೆದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನಿಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಮಾವನಿಗೆ ಎರಡು ಮಂಚ ಆಚೆಗೆ ಅವಳಿಗೆ ಜಾಗ ಸಿಕ್ಕಿತು. ಮೂಗು ಬಾಯಿ ಸೇರಿಸಿ ಆಮ್ಲಜನಕದ ಮುಖವಾಡ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತಲೆ ಸ್ವಲ್ಪ ತಿಳಿಯಾಗಿ ಇವನನ್ನು ಗುರುತು ಹಿಡಿದಳು. ಡಾಕ್ಟರು ಸಣಕಲ ಮೈಯ, ಸಾವಧಾನದ ಮನುಷ್ಯ. ಎಕ್ಸ್‌ರೇ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾವನದನ್ನೂ ಇವಳದನ್ನೂ ಬಹಳ ಹೊತ್ತು ನೋಡಿದರು.

"ಇಬ್ರೂ ಒಂದೇ ಕಟ್ಟಡದವರಾ?" ಎಂದು ಕೇಳಿದರು. ಹೌದು ಎಂದ. "ಬಿಸಿನೀರು ಒಂದೇ ಕಡೆ ಕಾಯಿಸಿ ಎಲ್ಲ ಮನೆಗೂ ಬಿಡೋದಾ? ಎಷ್ಟು ಡಿಗ್ರಿ ಇಟ್ಟಿರ್ತೀರಿ?"

ಹದದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅವಳು ಮುಖವಾಡವನ್ನು ಕೆಳಗೆ ಸರಿಸಿದಳು. ಉಸಿರಿನ ಜೊತೆ ಏಗುತ್ತಲೇ, ಹೆಮ್ಮೆಯಿಂದ, "ಅರವತ್ತು ಡಾಕ್ಟ್ರೇ. ದಿನಾ ನಾನೇ ಬರೆಯೋದು. ಒಂದು ದಿನಾನೂ ತಪ್ಪಿಲ್ಲ" ಎಂದಳು.

ಡಾಕ್ಟರು ಇವನ ಕಡೆ ನೋಡಿದರು. ಇವನು ತಲೆಯಾಡಿಸಿದ.

"ಅಷ್ಟಿದ್ರೆ ಆ ಭಯ ಇಲ್ಲ" ಎಂದು ಡಾಕ್ಟರು ಬರೆದುಕೊಂಡರು. ಆದರೂ ಒಂದು ಪರೀಕ್ಷೆಗೆ ಹೊರಗೆ ಕಳಿಸುತ್ತೇವೆ, ಉತ್ತರ ಬರಲು ನಾಲ್ಕು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ನ್ಯುಮೋನಿಯಾಕ್ಕೆ ಕೊಡುವ ಔಷಧಿಯೇ ನಡೆಯಲಿ, ಇಬ್ಬರಿಗೂ ಅದೇ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಯಾವ ಭಯ ಎಂದು ಇವನು ಕೇಳಲಿಲ್ಲ.

ಆ ತಲೆಯಾಡಿಸುವಿಕೆಯನ್ನು ಏನೆನ್ನಬೇಕೋ ನನಗೆ ತಿಳಿಯದು. ಅದು ಕೇಡಿಗತನವಲ್ಲ. ನೀರಿನ ಬಿಸಿಗೂ ಹೆಂಡತಿಯ ಎದೆಗೂ ಏನು ಸಂಬಂಧ ಎಂದು ಆ ಮನುಷ್ಯನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಉಸಿರಿಗೆ ಪರದಾಡುತ್ತಿರುವವಳ ಮುಂದೆ ನಿನ್ನ ಆ ಮುದ್ದಾದ ಅಕ್ಷರಗಳೆಲ್ಲ ಸುಳ್ಳು, ಮೂರು ವರ್ಷದಿಂದ ಬೆಳಗಾಗೆದ್ದು ನಿನಗೆ ಸುಳ್ಳು ಹೇಳಿದ್ದೇನೆ ಎನ್ನಲು ಅವನಿಗೆ ಮುಖವಿರಲಿಲ್ಲ. ಅವಳು ಗುಣವಾಗಿ ಮನೆಗೆ ಬರಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡ. ನಾವೆಲ್ಲ ಹೀಗೆಯೇ ಅಂದುಕೊಳ್ಳುತ್ತೇವೆ.

ಎರಡು ದಿನ ಕಳೆದವು. ಔಷಧಿ ನಾಟಲಿಲ್ಲ. ಜ್ವರ ಒಂದಿಷ್ಟೂ ಜಗ್ಗಲಿಲ್ಲ. ಮಾವನ ತುಟಿ ನೀಲಿಗಟ್ಟಿತು. ಅವರು ಕೈಬೆರಳಿನಿಂದ ಹೊದಿಕೆಯ ಅಂಚನ್ನು ತಡವುತ್ತ, ಹೊಲಿಗೆ ಬಿಟ್ಟಿದೆ, ಹೊಲಿಗೆ ಬಿಟ್ಟಿದೆ ಎಂದು ಗೊಣಗುತ್ತಿದ್ದರು. ಅತ್ತೆ ಪಕ್ಕದ ಸ್ಟೂಲಿನಲ್ಲಿ ಕೂತು, ಇಲ್ಲ, ನೋಡಿ, ಸರಿಯಾಗಿದೆ ಎಂದು ಪ್ರತಿ ಸಲವೂ ಉತ್ತರ ಕೊಡುತ್ತಿದ್ದರು. ಇವನ ಹೆಂಡತಿ ಮಾತಾಡುವುದನ್ನೇ ನಿಲ್ಲಿಸಿದಳು. ಎದೆ ಮೇಲೆ ಕೆಳಗೆ ಆಗುವುದನ್ನು ಇವನು ಎವೆಯಿಕ್ಕದೆ ನೋಡುತ್ತಿದ್ದ. ಒಂದು ಉಸಿರು ಹೋಗಿ ಇನ್ನೊಂದು ಬರುವವರೆಗೆ ಇವನ ಜೀವವೂ ಅಲ್ಲೇ ನಿಂತಿರುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಬಟ್ಟೆ ಬದಲಿಸಲೆಂದು ಮನೆಗೆ ಬಂದವನಿಗೆ ಸೊಸೈಟಿ ಕಾರ್ಯದರ್ಶಿ ಎದುರಾಗಿ ಆರೋಗ್ಯ ಕಚೇರಿಯಿಂದ ನೀರು ಪರೀಕ್ಷೆಗೆ ಬರುತ್ತಾರಂತೆ, ಮಧ್ಯಾಹ್ನವಂತೆ, ಎಲ್ಲ ಸರಿಯಿದೆ ತಾನೇ ಎಂದ. ಸರಿಯಿದೆ ಎಂದು ಹೇಳಿ ಹದದಣ್ಣ ನೆಲಮಾಳಿಗೆಗೆ ಇಳಿದ. ಹಾಳೆಯಲ್ಲಿ ಅರವತ್ತು, ಯಂತ್ರದಲ್ಲಿ ನಲವತ್ಮೂರು. ನೋಡಿದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆ ಕೋಣೆಯೂ ಹೋಗುತ್ತದೆ. ಆಸ್ಪತ್ರೆಯಿಂದ ಬರುವವಳನ್ನು ಎಲ್ಲಿಗೆ ಕರೆತರುವುದು? ಈಗ ಏರಿಸಿದರೆ ಮಧ್ಯಾಹ್ನದ ಹೊತ್ತಿಗೆ ನೀರು ಅರವತ್ತಕ್ಕೆ ಬಂದಿರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಸ್ಕ್ರೂಡ್ರೈವರ್ ತೆಗೆದು ಬಿಸಿ ಏರಿಳಿಸುವ ತಿರುಪಿನ ಸೀಳಿಗೆ ಇಟ್ಟ. ಎರಡು ಸಲ ಜಾರಿತು.

"ಅದನ್ನ ಮುಟ್ಬೇಡಿ ಯಜಮಾನ್ರೇ."

ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಸಣ್ಣ ಬಾಟಲಿಗಳ ಪೆಟ್ಟಿಗೆ. ಬೇರೆ ಕಡೆ ಕೆಲಸ ಬೇಗ ಮುಗಿಯಿತು, ಅದಕ್ಕೇ ಈಗಲೇ ಬಂದೆ ಎಂದಳು. ಏನಿದ್ದರೂ ಇದ್ದ ಹಾಗೇ ಇರಬೇಕು, ನೀರು ತುಂಬಿಕೊಂಡ ಮೇಲೆ ಬೇಕಾದ್ದು ರಿಪೇರಿ ಮಾಡಿಕೊಳ್ಳಿ ಎಂದು ಪೆಟ್ಟಿಗೆ ಕೆಳಗಿಟ್ಟಳು. ಅನುಮಾನವೇನೂ ಅವಳ ಮುಖದಲ್ಲಿರಲಿಲ್ಲ, ದಿನಾ ಇದೇ ಕೆಲಸ ಮಾಡಿ ಬೇಸತ್ತ ಮುಖವಾಗಿತ್ತು. ಏನು ಹುಡುಕುತ್ತಿದ್ದೀರಿ ಎಂದು ಇವನು ಕೇಳಿದ. ಲೀಜಿಯೊನೆಲ್ಲಾ ಎಂಬ ಒಂದು ಬ್ಯಾಕ್ಟೀರಿಯಾ, ನೀರಿನ ತೊಟ್ಟಿ ಪೈಪುಗಳಲ್ಲಿ ಬೆಳೆಯುತ್ತದೆ, ಎದೆಗೆ ಹೋದರೆ ಕೆಟ್ಟ ನ್ಯುಮೋನಿಯಾ ಎಂದಳು. ತಣ್ಣೀರಿನಲ್ಲಿ ಅದು ಮಲಗಿರುತ್ತದಂತೆ. ಅರವತ್ತು ಡಿಗ್ರಿಯಲ್ಲಿ ಇಟ್ಟರೆ ಸಾಯುತ್ತದಂತೆ.

"ನಡುವೆ ಇದ್ರೆ?" ಎಂದ.

"ಅದೇ ಕಷ್ಟ" ಎಂದಳು, ಬಾಟಲಿಯ ಮುಚ್ಚಳ ತಿರುಗಿಸುತ್ತ. "ಉಗುರು ಬೆಚ್ಚಗಿಂದ ಹಿಡಿದು ಸ್ನಾನಕ್ಕೆ ಹಿತ ಅನ್ನಿಸೋವರೆಗೆ ಬೆಳೀತಾನೇ ಹೋಗತ್ತೆ. ನಮಗೆ ಯಾವುದು ಹದಾನೋ ಅದಕ್ಕೂ ಅದೇ ಹದ."

ಹದದಣ್ಣ ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತ. ಕುಡಿದರೆ ಬರುತ್ತದೆಯೇ ಎಂದು ಕೇಳಿದ. ಕುಡಿದರೆ ಸಾಮಾನ್ಯವಾಗಿ ಏನಾಗುವುದಿಲ್ಲ, ಶವರ್ ಬಿಟ್ಟಾಗ ಮಂಜಿನ ಹಾಗೆ ಸಣ್ಣ ಹನಿ ಏಳುತ್ತವಲ್ಲ, ಅದನ್ನು ಉಸಿರಲ್ಲಿ ಎಳೆದುಕೊಂಡರೆ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ ಎಂದಳು. ಸ್ಟೂಲಿನ ಮೇಲೆ ಕೂತು ಬಾಯಿ ತೆರೆದು ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದ ಹೆಂಡತಿ ಕಣ್ಣಿಗೆ ಕಟ್ಟಿದಳು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಬಾಗಿಲು ಮುಚ್ಚಿ ಕಾವಲು ನಿಂತಿದ್ದವನು ತಾನೇ.

ಆ ಹೆಂಗಸು ತನ್ನ ಪಾಡಿಗೆ ಮಾತಾಡುತ್ತಲೇ ಇದ್ದಳು. ಆಸ್ಪತ್ರೆಯವರು ಇಲ್ಲಿ ಅರವತ್ತು ಡಿಗ್ರಿ ಇದೆ ಎಂದು ಬರೆದು ಕಳಿಸಿದ್ದಾರೆ, ಹಾಗಿದ್ದರೆ ಇದಾಗಿರಲಿಕ್ಕಿಲ್ಲ, ಒಂದೇ ಕಟ್ಟಡದಿಂದ ಇಬ್ಬರು ಬಿದ್ದಿದ್ದಾರೆ ಎಂದು ರೂಢಿಯಂತೆ ಬಂದದ್ದು ಎಂದಳು.

"ಇದೇ ಆಗಿದ್ರೆ ಔಷಧಿ ಬೇರೆನಾ?"

"ಬೇರೇನೇ. ಮಾಮೂಲಿ ನ್ಯುಮೋನಿಯಾಕ್ಕೆ ಕೊಡೋದು ಇದಕ್ಕೆ ನಾಟೋದಿಲ್ಲ. ಎಷ್ಟು ಬೇಗ ಬದಲಾಯಿಸಿದ್ರೆ ಅಷ್ಟು ಒಳ್ಳೇದು, ವಯಸ್ಸಾದವರಾದ್ರೆ ಒಂದೊಂದು ದಿನಾನೂ ಲೆಕ್ಕಾನೇ."

"ಅರವತ್ತಲ್ಲ" ಎಂದ ಹದದಣ್ಣ. "ನಲವತ್ಮೂರು. ಮೂರು ವರ್ಷದಿಂದ."

ಅವಳು ಬಾಟಲಿ ಕೆಳಗಿಟ್ಟು ಥರ್ಮಾಮೀಟರ್ ಹಿಡಿದು ನೋಡಿದಳು. ಬಾಗಿಲ ಹಿಂದಿನ ಹಾಳೆ ನೋಡಿದಳು. ಇವನ ಮುಖ ನೋಡಿ, ಬೈಯಬೇಕೆಂದಿದ್ದದ್ದನ್ನು ನುಂಗಿಕೊಂಡಳು. ಈಗಲೇ ಆಸ್ಪತ್ರೆಗೆ ಓಡಿ, ನಾನೂ ಫೋನು ಮಾಡುತ್ತೇನೆ ಎಂದಳು.

ಅವನು ಓಡಿದ. ಐವತ್ತೆರಡು ವರ್ಷದ ಭಾರದ ಮೈ, ಕಾಲಲ್ಲಿ ರಬ್ಬರ್ ಚಪ್ಪಲಿ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ರಸ್ತೆಯ ಬದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದರು, ಕೊಳವೆಯಿಂದ ಹನಿ ಗಾಳಿಗೆ ಹಾರಿ ಮುಖಕ್ಕೆ ತಾಗಿತು. ಅವನು ಬೆಂಕಿ ಸೋಕಿದವನಂತೆ ಹಾರಿ ಆಚೆ ಸರಿದು ಉಸಿರು ಬಿಗಿಹಿಡಿದ. ಇಪ್ಪತ್ತೆಂಟು ವರ್ಷ ನೀರಿನ ಜೊತೆ ಬದುಕಿದವನಿಗೆ ಅವತ್ತಿನಿಂದ ನೀರು ಎಂದರೆ ಹೆದರಿಕೆ.

ಡಾಕ್ಟರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಡಾಕ್ಟರು ಪೂರ್ತಿ ಕೇಳಲಿಲ್ಲ, ಅರ್ಧದಲ್ಲೇ ನರ್ಸನ್ನು ಕರೆದು ಎರಡು ಮಂಚಗಳ ಔಷಧಿಯನ್ನೂ ಬದಲಾಯಿಸಿದರು. ಬಾಟಲಿ ತೂಗುಹಾಕಿ ಹನಿ ಬೀಳತೊಡಗಿದ ಮೇಲೆ ತಿರುಗಿ ಇವನ ಹತ್ತಿರ ಬಂದರು.

"ಅವತ್ತು ನಾನು ಕೇಳಿದಾಗ ನೀವು ಪಕ್ಕದಲ್ಲೇ ನಿಂತಿದ್ರಿ."

ಹೌದು ಎಂದ. ಅವರು ಇನ್ನೇನೋ ಕೇಳುತ್ತಾರೆ ಎಂದು ಕಾದ. ಅವರು ಮಾವನ ಮಂಚದ ಕಡೆ ಹೋದರು.

ಮಾವ ಮಾರನೇ ದಿನ ಮಧ್ಯಾಹ್ನ ತೀರಿಹೋದರು. ಅದಾಗಿ ಗಂಟೆಯೊಳಗೆ ಹೆಂಡತಿಯನ್ನು ಒಳಗಿನ ಕೋಣೆಗೆ ಒಯ್ದು ಉಸಿರಾಟದ ಯಂತ್ರಕ್ಕೆ ಹಾಕಿದರು. ಪರೀಕ್ಷೆಯ ಉತ್ತರವೂ ಬಂತು, ಇಬ್ಬರಿಗೂ ಅದೇ. ಅತ್ತೆ ಮಾವನ ಕನ್ನಡಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಇವನನ್ನು ಕಂಡು, "ನೀನು ಓಡಿ ಬಂದು ಹೇಳಿದೆಯಂತಲ್ಲಪ್ಪ. ನರ್ಸ್ ಹೇಳಿದ್ಲು" ಎಂದು ಇವನ ಕೈ ಹಿಡಿದರು. ಇವನು ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದ.

ಕಟ್ಟಡದಲ್ಲಿ ಗುಲ್ಲೋ ಗುಲ್ಲು. ಶವರ್‌ಗಳನ್ನೆಲ್ಲ ಬಿಚ್ಚಿಸಿದರು. ಎಪ್ಪತ್ತು ಡಿಗ್ರಿಗೆ ಕಾಯಿಸಿ ಒಂದೊಂದೇ ಮನೆಯ ನಲ್ಲಿಯನ್ನು ಬಿಟ್ಟು ಪೈಪು ತೊಳೆಸಿದರು. ಹಿಂದೆಂದೋ ಬಟ್ಟೆ ಒಗೆಯುವ ಕೋಣೆಯನ್ನು ಮುಚ್ಚಿದಾಗ ಗೋಡೆಯೊಳಗೆ ಹಾಗೇ ಬಿಟ್ಟಿದ್ದ, ತುದಿ ಮುಚ್ಚಿದ ಒಂದು ಮೊಂಡು ಪೈಪು ಸಿಕ್ಕಿತು. ಕೊಯ್ದರೆ ವರ್ಷಗಟ್ಟಲೆ ನಿಂತ ನೀರು, ಒಳಗೆಲ್ಲ ಕಂದು ಲೋಳೆ. ಅದನ್ನು ಹದದಣ್ಣ ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಕೈಯನ್ನು ಸೋಪು ಹಾಕಿ ಏಳು ಸಲ ತೊಳೆದ, ಪ್ರತಿ ಸಲವೂ ಮಗ್ಗಿನ ತಣ್ಣೀರಲ್ಲಿ, ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಹಿಡಿದು. ತಾನೇ ಜೋಡಿಸಿದ ಪೈಪುಗಳು ಗೋಡೆಯೊಳಗೆ ಏನನ್ನೋ ಬಸಿರು ಹೊತ್ತು ಕೂತಿವೆ ಎಂದು ಅವನಿಗೆ ಅನಿಸತೊಡಗಿತು. ಯಾವ ಮನೆಯಲ್ಲಿ ಯಾರು ಕೆಮ್ಮಿದರೂ ಮೆಟ್ಟಿಲಲ್ಲೇ ನಿಂತುಬಿಡುತ್ತಿದ್ದ. ಮೂರನೇ ಮಹಡಿಯ ಹುಡುಗಿ ಒಮ್ಮೆ ಸೀನಿದ್ದಕ್ಕೆ ಎರಡು ದಿನ ಅವರ ಬಾಗಿಲ ಮುಂದೆ ಸುಳಿದಾಡಿದ.

ಯಾರೂ ಅವನನ್ನು ದೂರಲಿಲ್ಲ ಎಂಬುದೇ ವಿಚಿತ್ರ. ಬಿಸಿ ಇಳಿಸಿದ್ದು ಮಕ್ಕಳಿಗಾಗಿ ತಾನೇ, ನಮಗೂ ಅದೇ ಬೇಕಿತ್ತು ತಾನೇ, ಇದೆಲ್ಲ ಯಾರಿಗೆ ಗೊತ್ತಿತ್ತು ಎಂದರು. ಬಾಯ್ಲರ್ ಹಳೆಯದಾಗಿತ್ತು ಎಂದು ಕಾರ್ಯದರ್ಶಿ ಎಲ್ಲರಿಗೂ ಹೇಳಿ ಮುಗಿಸಿದ. ಅವರ ಕ್ಷಮೆ ಹದದಣ್ಣನಿಗೆ ಚುಚ್ಚಿತು. ಬಿಸಿ ಇಳಿಸಿದ್ದು ಗೊತ್ತಿಲ್ಲದೆ ಆದ ತಪ್ಪು, ಸರಿ. ಆದರೆ ಡಾಕ್ಟರು ಕೇಳಿದಾಗ ತಲೆಯಾಡಿಸಿದ್ದು? ಅಲ್ಲಿ ಹೋದ ಎರಡು ದಿನ? ಅದು ಡಾಕ್ಟರಿಗೆ ಗೊತ್ತು, ಅವನಿಗೆ ಗೊತ್ತು. ಇನ್ಯಾರಿಗೂ ಗೊತ್ತಿಲ್ಲ.

ಎಂಟು ದಿನ ಅವಳು ಯಂತ್ರದ ಆಸರೆಯಲ್ಲಿದ್ದಳು. ಒಳಗೆ ಬಿಡುತ್ತಿದ್ದದ್ದು ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅವನು ಹೊರಗೆ ನಿಂತು ಯಂತ್ರದ ಸದ್ದಿಗೆ ಕಿವಿಗೊಡುತ್ತಿದ್ದ, ಸದ್ದಿನಲ್ಲಿ ಒಂದಿಷ್ಟು ಏರುಪೇರಾದರೂ ಮೈ ಬೆವರುತ್ತಿತ್ತು. ನರ್ಸ್ ಬಾಗಿಲು ತೆರೆದಾಗಲೆಲ್ಲ ಈಗ ಹೇಳುತ್ತಾಳೆ, ಇದೋ ಹೇಳಿಬಿಡುತ್ತಾಳೆ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂಬತ್ತನೇ ದಿನ ಯಂತ್ರ ತೆಗೆದರು. ಹನ್ನೊಂದನೇ ದಿನ ಅವಳು ದಿಂಬಿಗೊರಗಿ ಕೂತು ಎರಡು ಚಮಚ ಗಂಜಿ ನುಂಗಿದಳು.

ಆ ಸಂಜೆ ಅವನು ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಬಿಸಿ ಇಳಿಸಿದ್ದು, ಮೂರು ವರ್ಷ ಅರವತ್ತು ಎಂದದ್ದು, ಅವಳು ಡಾಕ್ಟರಿಗೆ ಹೇಳುವಾಗ ಸುಮ್ಮನೆ ನಿಂತದ್ದು. ಅವಳು ಇವನನ್ನೇ ನೋಡುತ್ತ ಕೇಳಿದಳು. ಅಳುತ್ತಾಳೆ, ಮುಖ ತಿರುಗಿಸುತ್ತಾಳೆ ಎಂದು ಅವನು ಹೆದರಿದ್ದ. ಕೆನ್ನೆ ಬತ್ತಿಹೋಗಿದ್ದ ಆ ಮುಖದಲ್ಲಿ ಏನೂ ಕದಲಲಿಲ್ಲ.

"ಮಾವ ಹೇಗಿದ್ದಾರೆ?" ಎಂದಳು. ಗಂಟಲು ಗೀರಿಕೊಂಡು ಬಂದ ದನಿ.

ಅವಳಿಗೆ ಯಾರೂ ಹೇಳಿರಲಿಲ್ಲ. ಅವನು ಹೇಳಿದ.

ಅವಳು ಹೊದಿಕೆಯ ಅಂಚನ್ನು ಎಳೆದುಕೊಂಡಳು. ಆಮೇಲೆ, "ಅತ್ತೆಗೆ ಇದೆಲ್ಲ ಗೊತ್ತಾ?" ಎಂದಳು.

"ಬಿಸಿ ಇಳಿಸಿದ್ದು ಗೊತ್ತು. ನಾನು ಸುಮ್ನಿದ್ದದ್ದು ಗೊತ್ತಿಲ್ಲ."

"ಹಾಗಾದ್ರೆ ನನ್ನ ಹತ್ರ ಯಾಕ್ರೀ ಮೊದಲು ಹೇಳೋಕೆ ಬಂದ್ರಿ?" ಎಂದಳು. "ನಾನು ಬದುಕಿದೀನಲ್ಲ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಅಷ್ಟು ಮಾತಿಗೇ ಸುಸ್ತಾಗಿ ಕಣ್ಣು ಮುಚ್ಚಿದಳು. ಅವಳು ನಿದ್ದೆ ಹೋದಳೋ, ಅವನು ಎದ್ದು ಹೋಗಲೆಂದು ಕಾಯುತ್ತಿದ್ದಳೋ ತಿಳಿಯಲಿಲ್ಲ. ಅವನು ಎದ್ದ.

ಬಸ್ಸಿನಲ್ಲಿ ಅಷ್ಟು ದೂರವೂ ಮಾತು ಜೋಡಿಸಿದ. ಅತ್ತೆ, ನಾನು ಬಾಯಿ ಬಿಟ್ಟಿದ್ದರೆ ಮಾವ ಉಳಿಯುತ್ತಿದ್ದರೋ ಏನೋ. ಇಲ್ಲ, ಏನೋ ಎನ್ನಬಾರದು. ಅದು ನುಣುಚಿಕೊಳ್ಳುವ ಮಾತು. ಅತ್ತೆ, ಡಾಕ್ಟರು ಕೇಳಿದರು, ನಾನು ತಲೆಯಾಡಿಸಿದೆ. ಇಷ್ಟೇ ಸಾಕು. ಎರಡನೇ ಮಹಡಿಯ ಬಾಗಿಲ ಮುಂದೆ ನಿಂತ. ಒಳಗೆ ಹೊಲಿಗೆ ಯಂತ್ರದ ಸದ್ದಿಲ್ಲ. ಗಂಟೆ ಒತ್ತಿದ.

ಅತ್ತೆ ಬಾಗಿಲು ತೆರೆದರು. ಇವನ ಮುಖ ನೋಡಿದ್ದೇ ಅವರ ಬಣ್ಣ ಬಿಳಿಚಿಕೊಂಡಿತು, ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಇವನು ಯಾವ ಕೆಟ್ಟ ಸುದ್ದಿ ತಂದಿದ್ದಾನೋ ಎಂದು ಅವರು ಹೆದರಿದ್ದರು.

"ಏನಾಯ್ತಪ್ಪಾ? ಅವಳು ಹೇಗಿದಾಳೆ?"

ಎಂಟು ದಿನ ಅವನು ಕಾದದ್ದು ಆ ಒಂದು ಉತ್ತರಕ್ಕಾಗಿ. ಉಳಿದುಕೊಂಡಳು ಎಂದು, ಮಾವ ಉಳಿಯದ ಆ ಮನೆಯ ಬಾಗಿಲಲ್ಲಿ ನಿಂತು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.